ಬೇವಿನ ಮರದಲ್ಲಿ ಗಿಳಿ ಇದೆ, ಫೋಟೋದಲ್ಲಿ ಇಲ್ಲ

ಪ್ರಶ್ನೆ: ನಾನು ರಾಯಚೂರಿನವನು. ಮನೆ ಕೋಟೆಗೆ ಹತ್ತಿರ. ಎದುರಿಗೆ ದೊಡ್ಡ ಬೇವಿನ ಮರ ಇದೆ, ದಿನಾ ಬೆಳಿಗ್ಗೆ ಸಂಜೆ ಗಿಳಿಗಳು ಬರುತ್ತವೆ. ನನ್ನ ಹತ್ತಿರ ಕ್ಯಾನನ್ ಡಿಎಸ್‌ಎಲ್‌ಆರ್, 55-250 ಲೆನ್ಸ್ ಇದೆ. ಎರಡು ತಿಂಗಳಿಂದ ಒದ್ದಾಡುತ್ತಿದ್ದೇನೆ. ಆಕಾಶದ ಮುಂದೆ ತೆಗೆದರೆ ಗಿಳಿ ಕರ್ರಗೆ ಬರುತ್ತದೆ. ಎಲೆಯೊಳಗೆ ತೆಗೆದರೆ ಗಿಳಿ ಎಲ್ಲಿದೆ ಅಂತ ನನಗೇ ಗೊತ್ತಾಗಲ್ಲ. ಒಬ್ಬ ಗೆಳೆಯ ಮೊಬೈಲಿನಲ್ಲಿ ಗಿಳಿ ಕೂಗು ಹಾಕು ಅಂತಾನೆ. ಇನ್ನೊಬ್ಬ ಕಾಳು ಹಾಕು ಅಂತಾನೆ. ಮತ್ತೊಬ್ಬ 600 ಎಂಎಂ ಲೆನ್ಸ್ ತಗೋ ಅಂತಾನೆ. ಕೋಟೆ ಗೋಡೆಯ ಸಂದಿಯಲ್ಲಿ ಗೂಡು ಕೂಡ ಇದ್ದ ಹಾಗಿದೆ, ಹತ್ತಿರ ಹೋಗಬಹುದಾ? ಏನು ಮಾಡಲಿ ಸರ್?

ಉತ್ತರ: ನಿಮ್ಮ ಫೋಟೋಗಳನ್ನು ನೋಡದೆಯೇ ಅವು ಹೇಗಿವೆ ಅಂತ ಹೇಳಬಲ್ಲೆ. ಯಾಕೆಂದರೆ ನನ್ನ ಮೊದಲ ವರ್ಷದ ಫೋಟೋಗಳೂ ಹಾಗೇ ಇವೆ. ಕೆಲವುದರಲ್ಲಿ ಬರೀ ಬಾಲ, ಕೆಲವುದರಲ್ಲಿ ಕರೀ ಬಾಣದಂಥ ನೆರಳು. ಉಳಿದವು ಬೇವಿನ ಎಲೆಯ ಒಳ್ಳೇ ಫೋಟೋಗಳು! ಆಗ ನಾನು ಮಾಡುತ್ತಿದ್ದ ತಪ್ಪನ್ನೇ ನೀವೂ ಮಾಡುತ್ತಿದ್ದೀರಿ ಅನಿಸುತ್ತದೆ. ಕೂಗು ಕೇಳಿದ ಕೂಡಲೇ ಕ್ಯಾಮೆರಾ ಎತ್ತಿಕೊಂಡು ಓಡುವುದು. ಗಿಳಿ ಕೂತ ಕಡೆಗೆ ಲೆನ್ಸ್ ತಿರುಗಿಸುವುದು. ಅಷ್ಟರಲ್ಲಿ ಅದು ಹಾರಿರುತ್ತದೆ, ಇಲ್ಲವೇ ಎಲೆಯೊಳಗೆ ಮಾಯವಾಗಿರುತ್ತದೆ.

ಒಂದು ವಾರ ಕ್ಯಾಮೆರಾ ಮನೆಯೊಳಗೇ ಇರಲಿ. ಒಂದು ನೋಟ್‌ಬುಕ್ ತಗೊಂಡು ಮಾಳಿಗೆ ಮೇಲೆ ಕೂಡಿ. ಎಷ್ಟು ಗಂಟೆಗೆ ಬಂದವು, ಯಾವ ದಿಕ್ಕಿನಿಂದ, ಮೊದಲು ಎಲ್ಲಿ ಕೂತವು, ಎಷ್ಟು ಹೊತ್ತು ಇದ್ದವು, ಇಷ್ಟು ಬರೆದರೆ ಸಾಕು. ಗಿಳಿಗಳಿಗೆ ಗಡಿಯಾರದ ಶಿಸ್ತಿದೆ. ರಾತ್ರಿ ನೂರಾರು ಒಂದೇ ಕಡೆ ಸೇರಿ ಮಲಗುತ್ತವೆ. ಬೆಳಕು ಹರಿದ ಮೇಲೆ ಗುಂಪುಗುಂಪಾಗಿ ಹೊಲಗಳ ಕಡೆ ಹೋಗುತ್ತವೆ. ಹೊತ್ತು ಮುಳುಗುವ ಹೊತ್ತಿಗೆ ಅದೇ ದಾರಿಯಲ್ಲಿ ವಾಪಸ್. ನಿಮ್ಮ ಬೇವಿನ ಮರ ಆ ದಾರಿಯ ಒಂದು ಸ್ಟಾಪ್ ಇರಬೇಕು. ಸ್ಟಾಪ್‌ನಲ್ಲಿ ಯಾವ ಕೊಂಬೆ ಅನ್ನುವುದೂ ಹೆಚ್ಚು ಕಡಿಮೆ ಖಾಯಂ. ಮರದ ತುದಿಯಲ್ಲಿ ಒಣಗಿದ, ಎಲೆ ಇಲ್ಲದ ಕೊಂಬೆ ಇದೆಯಾ ನೋಡಿ. ಬೆಳಗಿನ ಎಳೆ ಬಿಸಿಲಿಗೆ ಮೊದಲು ಅಲ್ಲೇ ಬಂದು ಕೂಡುತ್ತವೆ. ಅದಿಲ್ಲದಿದ್ದರೆ ಡಿಶ್ ಆಂಟೆನಾ, ಕರೆಂಟ್ ತಂತಿ, ಪಕ್ಕದ ಮನೆಯ ನೀರಿನ ಟ್ಯಾಂಕ್. ಕೊಂಬೆ ಗೊತ್ತಾಯಿತು ಅಂದರೆ ಅರ್ಧ ಕೆಲಸ ಮುಗಿಯಿತು. ಗಿಳಿ ಬರುವ ಮೊದಲೇ ಆ ಕೊಂಬೆಗೆ ಫೋಕಸ್ ಮಾಡಿ ಇಟ್ಟುಕೊಂಡು ಸುಮ್ನೆ ಕೂಡಬಹುದು.

ಇನ್ನು ನಿಮ್ಮ ಎರಡು ದೂರು. ಆಕಾಶದ ಮುಂದೆ ಕಪ್ಪು, ಎಲೆಯೊಳಗೆ ಮಾಯ. ಎರಡಕ್ಕೂ ಕಾರಣ ಒಂದೇ, ನೀವು ಕೆಳಗೆ ನಿಂತು ಮೇಲೆ ನೋಡುತ್ತಿದ್ದೀರಿ. ಮೇಲೆ ನೋಡಿದರೆ ಹಿಂದೆ ಇರುವುದು ಒಂದೋ ಆಕಾಶ, ಇಲ್ಲವೇ ಎಲೆ. ಮಾಳಿಗೆ ಹತ್ತಿ. ಮರದ ತುದಿ ನಿಮ್ಮ ಕಣ್ಣಿನ ಮಟ್ಟಕ್ಕೆ ಬಂದರೆ ಗಿಳಿಯ ಹಿಂದೆ ದೂರದ ಯಾವುದೋ ವಸ್ತು ಬರುತ್ತದೆ. ನಿಮ್ಮ ಕಡೆಯಾದರೆ ಕೋಟೆಯ ಗುಡ್ಡ, ಕಂದು ಬಣ್ಣದ ಗೋಡೆ, ದೂರದ ಮನೆಗಳ ಸಾಲು. ದೂರದ್ದೆಲ್ಲ ಮಸುಕಾಗುತ್ತದೆ, ಗಿಳಿ ಮಾತ್ರ ಎದ್ದು ಕಾಣುತ್ತದೆ. ಹಸಿರು ಹಕ್ಕಿಗೆ ಕಂದು ಕಲ್ಲಿಗಿಂತ ಒಳ್ಳೆಯ ಹಿನ್ನೆಲೆ ನಾನು ಇನ್ನೂ ಕಂಡಿಲ್ಲ. ನಿಮ್ಮ ಮಾಳಿಗೆ ಎತ್ತರ ಸಾಲದಿದ್ದರೆ ಬೀದಿಯಲ್ಲಿ ಯಾರ ಮಾಳಿಗೆ ಎತ್ತರ ಇದೆ ನೋಡಿ, ಕೇಳಿ.

ಕೇಳಿ ಅಂದೆ, ಅದು ಮುಖ್ಯ. ಮೊದಲ ಸಲ ನಾನು ಉದ್ದ ಲೆನ್ಸ್ ಹಿಡಿದು ಮಾಳಿಗೆ ಮೇಲೆ ನಿಂತಾಗ ಎದುರು ಮನೆಯ ಅಮ್ಮ ಕೆಳಗಿನಿಂದಲೇ ಕೂಗಿದ್ದರು: "ಏನ್ರೀ, ನಮ್ಮನಿ ಯಾಕ ಫೋಟೋ ಹೊಡಿಯಾಕತ್ತೀರಿ?" ತಪ್ಪು ಅವರದ್ದಲ್ಲ. ಬೆಳಿಗ್ಗೆ ಆರೂವರೆಗೆ ತಮ್ಮ ಮನೆಯ ಕಡೆ ಕೊಳವೆ ತಿರುಗಿಸಿ ನಿಂತವನನ್ನು ಕಂಡು ಯಾರಿಗೆ ಅನುಮಾನ ಬರುವುದಿಲ್ಲ? ಕೆಳಗೆ ಇಳಿದು ಹೋಗಿ ಕ್ಯಾಮೆರಾದ ಪರದೆಯಲ್ಲಿ ಗಿಳಿ ತೋರಿಸಿದೆ. ಮರುದಿನದಿಂದ ಅವರೇ "ಇವತ್ತು ಆಗಲೇ ಬಂದು ಹೋದವು ನೋಡ್ರಿ, ನೀವು ತಡ ಮಾಡಿದ್ರಿ" ಅನ್ನತೊಡಗಿದರು. ಓಣಿಯಲ್ಲಿ ಹಕ್ಕಿ ಫೋಟೋ ತೆಗೆಯುವವನಿಗೆ ಇದಕ್ಕಿಂತ ದೊಡ್ಡ ಸಹಾಯ ಬೇರೆ ಇಲ್ಲ. ಜನ ಸ್ನಾನ ಮಾಡುವ, ಬಟ್ಟೆ ಒಣ ಹಾಕುವ ಮಾಳಿಗೆಗಳ ಕಡೆ ಮಾತ್ರ ಲೆನ್ಸ್ ತಿರುಗಿಸಲೇಬೇಡಿ, ಅಲ್ಲಿ ಎಂಥ ಗಿಳಿಯೇ ಕೂತಿರಲಿ.

ಈಗ ಬೆಳಕು. ಸೂರ್ಯ ನಿಮ್ಮ ಬೆನ್ನಿಗಿರಬೇಕು, ಇಲ್ಲವೇ ಹೆಗಲ ಪಕ್ಕಕ್ಕೆ. ಬೆಳಿಗ್ಗೆ ಮರದ ಪೂರ್ವಕ್ಕೆ ನೀವು, ಸಂಜೆ ಪಶ್ಚಿಮಕ್ಕೆ ನೀವು. ಅದು ಆಗದಿದ್ದರೆ ಎರಡರಲ್ಲಿ ಒಂದೇ ಹೊತ್ತು ಆರಿಸಿಕೊಳ್ಳಿ. ರಾಯಚೂರಿನಲ್ಲಿ ಜನವರಿಯಲ್ಲಿ ಹೊತ್ತು ಹುಟ್ಟುವುದು ಸುಮಾರು 6:50ಕ್ಕೆ, ಮೇ ತಿಂಗಳಲ್ಲಿ ಸುಮಾರು 5:50ಕ್ಕೆ. ಅಲ್ಲಿಂದ ಒಂದೂವರೆ ಗಂಟೆ ನಿಮ್ಮದು.

ಆಮೇಲೆ ಯಾಕೆ ಬೇಡ? ಬಿಸಿಲು ನೆತ್ತಿಗೇರಿ ನೆರಳು ಗಟ್ಟಿಯಾಗುತ್ತದೆ ಅನ್ನುವುದು ಎಲ್ಲರೂ ಹೇಳುವ ಕಾರಣ. ನಮ್ಮ ಕಡೆ ಅದಕ್ಕಿಂತ ದೊಡ್ಡ ಕಾರಣ ಝಳ. ಕಲ್ಲು, ಕಾಂಕ್ರೀಟು, ತಗಡು ಕಾದು ಅದರ ಮೇಲಿನ ಗಾಳಿ ಕುಣಿಯಲು ಶುರುವಾಗುತ್ತದೆ. ದೂರದ ರಸ್ತೆಯ ಮೇಲೆ ನೀರಿನ ಹಾಗೆ ಹೊಳೆಯುತ್ತದಲ್ಲ, ಅದೇ. ಆ ಗಾಳಿಯ ಮೂಲಕ ತೆಗೆದ ಫೋಟೋದಲ್ಲಿ ಫೋಕಸ್ ಸರಿ ಇದ್ದರೂ ಗರಿಯ ಗೆರೆ ಬರುವುದಿಲ್ಲ, ಎಲ್ಲ ಬೆಣ್ಣೆ ಸವರಿದ ಹಾಗೆ. ಎರಡು ಬೇಸಿಗೆ ನಾನು ಲೆನ್ಸ್ ಕೆಟ್ಟಿದೆ ಅಂದುಕೊಂಡಿದ್ದೆ. ರಿಪೇರಿ ಅಂಗಡಿಗೆ ಕೂಡ ಹೋಗಿ ಬಂದೆ, ಅವರು ಒರೆಸಿ ಕೊಟ್ಟು ದುಡ್ಡು ತಗೊಂಡರು! ಮಾರ್ಚ್ ದಾಟಿದ ಮೇಲೆ ಒಂಬತ್ತಕ್ಕೆ ಕ್ಯಾಮೆರಾ ಚೀಲಕ್ಕೆ ಹಾಕಿ. ದೂರದ ತಗಡಿನ ಮೇಲಿಂದ ನೋಡಿ ಫೋಟೋ ತೆಗೆಯುವುದಂತೂ ಬೇಡವೇ ಬೇಡ.

ಸೆಟ್ಟಿಂಗ್ ಹೆಚ್ಚು ಹೇಳುವುದಿಲ್ಲ. ಟಿವಿ (Tv) ಮೋಡ್‌ಗೆ ಹಾಕಿ, ಅಂದರೆ ಶಟರ್ ವೇಗ ನೀವು ಆರಿಸುವುದು, ಉಳಿದದ್ದು ಕ್ಯಾಮೆರಾ ನೋಡಿಕೊಳ್ಳುತ್ತದೆ. ಕೂತ ಗಿಳಿಗೆ 1/500 ಸೆಕೆಂಡ್, ಹಾರುವ ಗಿಳಿಗೆ 1/2000. ಐಎಸ್‌ಒ, ಅಂದರೆ ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ, ಆಟೋ ಇರಲಿ, 3200ರ ತನಕ ಹೆದರಬೇಡಿ. ಫೋಕಸ್ ಎಐ ಸರ್ವೋ (ಗಿಳಿ ಅಲುಗಾಡಿದರೂ ಫೋಕಸ್ ಹಿಂಬಾಲಿಸುವ ಸೆಟ್ಟಿಂಗ್), ನಡುವಿನ ಒಂದೇ ಬಿಂದು. ಬಿಂದು ಕಣ್ಣಿನ ಮೇಲೆ ಇರಲಿ.

ಕರ್ರಗೆ ಬರುವ ವಿಷಯ ಮಾತ್ರ ಅರ್ಥ ಮಾಡಿಕೊಳ್ಳಬೇಕು. ಕ್ಯಾಮೆರಾಕ್ಕೆ ಗಿಳಿ ಗೊತ್ತಿಲ್ಲ. ಚಿತ್ರದ ತುಂಬ ಬಿಳೀ ಆಕಾಶ ಕಂಡರೆ "ಬೆಳಕು ಜಾಸ್ತಿ ಆಯ್ತು" ಅಂದುಕೊಂಡು ಎಲ್ಲವನ್ನೂ ಕಪ್ಪು ಮಾಡುತ್ತದೆ. ನೀವು ಎಕ್ಸ್‌ಪೋಶರ್ ಕಾಂಪೆನ್ಸೇಶನ್ (ಚಿತ್ರದ ಬೆಳಕನ್ನು ನಾವೇ ಹೆಚ್ಚು ಕಡಿಮೆ ಮಾಡುವ ಸೆಟ್ಟಿಂಗ್) ಅನ್ನು +1ಕ್ಕೋ ಇನ್ನೂ ಸ್ವಲ್ಪ ಮೇಲಕ್ಕೋ ತಳ್ಳಿ. ಆಕಾಶ ಬೆಳ್ಳಗಾಗಲಿ ಬಿಡಿ. ಉಲ್ಟಾ ಸಂದರ್ಭವೂ ಇದೆ. ಗಿಳಿಯ ಮೇಲೆ ಬಿಸಿಲು, ಹಿಂದೆ ದಟ್ಟ ನೆರಳು. ಆಗ ಕ್ಯಾಮೆರಾ ಎಲ್ಲವನ್ನೂ ಬೆಳಗಿಸಿ ಗಿಳಿಯ ಹಸಿರನ್ನು ಸುಟ್ಟುಬಿಡುತ್ತದೆ. ಇಲ್ಲಿ –0.7 ಸಾಕು. ಪರದೆಯಲ್ಲಿ ಮೂರು ಬಣ್ಣದ ಹಿಸ್ಟೋಗ್ರಾಮ್, ಅಂದರೆ ಎಡಕ್ಕೆ ಕತ್ತಲು ಬಲಕ್ಕೆ ಬೆಳಕು ತೋರಿಸುವ ನಕ್ಷೆ, ತೆರೆದು ನೋಡಿ. ಹಸಿರಿನ ಗೆರೆ ಬಲಗಡೆಯ ಗೋಡೆಗೆ ಬಡಿದಿದ್ದರೆ ಎದೆಯ ಗರಿಗಳ ಅಂಚು ಹೋಯಿತು ಅಂತಲೇ ಲೆಕ್ಕ. ಆಮೇಲೆ ಕಂಪ್ಯೂಟರಿನಲ್ಲಿ ಎಷ್ಟು ಎಳೆದಾಡಿದರೂ ಅದು ವಾಪಸ್ ಬರುವುದಿಲ್ಲ. ಬಣ್ಣ ಹೆಚ್ಚಿಸುವ ಚಟವೂ ಬೇಡ. ಗಿಳಿಗೆ ಈಗಾಗಲೇ ಇರುವಷ್ಟು ಹಸಿರು ಸಾಕು.

ಆ ಹಸಿರೂ ಒಂದು ಸೋಜಿಗ. ಎಲೆಯಲ್ಲಿ ಹಸಿರು ಬಣ್ಣದ ವಸ್ತುವೇ ಇದೆ. ಗಿಳಿಯ ಗರಿಯಲ್ಲಿ ಹಾಗಿಲ್ಲ. ಗರಿಯ ಒಳಗಿನ ಅತಿ ಸಣ್ಣ ರಚನೆ ಬೆಳಕನ್ನು ಚದುರಿಸಿ ನೀಲಿ ಕೊಡುತ್ತದೆ. ಅದರ ಮೇಲೆ ಹಳದಿ ಬಣ್ಣದ ವಸ್ತು ಇದೆ. ಎರಡೂ ಸೇರಿ ನಮ್ಮ ಕಣ್ಣಿಗೆ ಹಸಿರು. ಆ ಹಳದಿ ವಸ್ತು ಗಿಳಿಗಳ ಜಾತಿಯಲ್ಲಿ ಬಿಟ್ಟರೆ ಬೇರೆ ಹಕ್ಕಿಗಳಲ್ಲಿ ಇಲ್ಲ. ಅದಿಲ್ಲದೆ ಹುಟ್ಟಿದ ಗಿಳಿ ನೀಲಿಯಾಗಿಯೇ ಇರುತ್ತದೆ.

ನಿಮ್ಮ ಮರಕ್ಕೆ ಬರುವುದು ಕೊರಳಲ್ಲಿ ಗುಲಾಬಿ ಉಂಗುರ ಇರುವ ಗಿಳಿ ಅಂತ ನನ್ನ ನಂಬಿಕೆ. ಬಾಲ ಸೇರಿ ಸುಮಾರು 40 ಸೆಂಟಿಮೀಟರ್ ಉದ್ದ. ಮೇಲಿನ ಕೊಕ್ಕು ಕೆಂಪು, ದಕ್ಷಿಣದ ನಮ್ಮ ಗಿಳಿಗಳಲ್ಲಿ ಕೆಳಗಿನ ಕೊಕ್ಕು ಕಪ್ಪು. ಇದೇ ಜಾತಿ ಲಂಡನ್ನಿನ ಉದ್ಯಾನಗಳಲ್ಲೂ ಗುಂಪು ಕಟ್ಟಿಕೊಂಡು ಗಲಾಟೆ ಮಾಡುತ್ತದೆ. ಅಲ್ಲಿ ಪಂಜರದಿಂದ ತಪ್ಪಿಸಿಕೊಂಡವುಗಳ ಸಂತಾನ, ಇಲ್ಲಿ ಊರಿನ ಹಳೇ ನಿವಾಸಿ. ಉಂಗುರ ಇದ್ದರೆ ಗಂಡು. ಉಂಗುರ ಇಲ್ಲದ್ದೆಲ್ಲ ಹೆಣ್ಣು ಅಂತ ಬರೆದುಬಿಡಬೇಡಿ, ಗಂಡಿಗೂ ಉಂಗುರ ಪೂರ್ತಿ ಮೂಡಲು ಸುಮಾರು ಮೂರು ವರ್ಷ ಬೇಕು. ಹೆಗಲ ಮೇಲೆ ಕೆಂಪು ಪಟ್ಟೆ ಇದ್ದು ಮೈ ದೊಡ್ಡದಿದ್ದರೆ ಅದು ಬೇರೆ ಜಾತಿ, ಚೆನ್ನಾಗಿ ನೋಡಿ ಬರೆದಿಟ್ಟುಕೊಳ್ಳಿ.

ಕಾಲಕ್ಕೆ ತಕ್ಕ ಹಾಗೆ ಮರ ಬದಲಾಯಿಸುವುದು ನನ್ನ ರೂಢಿ. ಜನವರಿ, ಫೆಬ್ರವರಿಯಲ್ಲಿ ಹುಣಸೆ ಮರ. ಹಿಂಗಾರಿ ಜೋಳ ತೆನೆ ಹಿಡಿದ ಕಾಲ, ಹೊಲದಿಂದ ಬರುವ ಗಿಳಿಗಳ ಕೊಕ್ಕಿನ ಮೇಲೆ ಹಿಟ್ಟಿನಂತೆ ಬೆಳ್ಳಗೆ ಅಂಟಿರುತ್ತದೆ. ಒಂದು ಮಾತು ನೆನಪಾಯಿತು. ಜೋಳದ ಕಾಲದಲ್ಲಿ ಗಿಳಿಗಳು ಎತ್ತಿದ ಕೈಗೆ ಬಹಳ ಹೆದರುತ್ತವೆ. ಹೊಲದಲ್ಲಿ ಅಟ್ಟ ಕಟ್ಟಿ ಕವಣೆ ಬೀಸುವುದನ್ನು ನೋಡಿ ನೋಡಿ ಕಲಿತಿರಬೇಕು, ಇದು ನನ್ನ ಊಹೆ. ಕ್ಯಾಮೆರಾವನ್ನು ಸಡನ್ನಾಗಿ ಮೇಲೆತ್ತುವ ಬದಲು ಮೊದಲೇ ಕಣ್ಣಿಗೆ ಹಿಡಿದು ಕೂತರೆ ಅವು ಅಷ್ಟಾಗಿ ಬೆದರುವುದಿಲ್ಲ. ಮಾರ್ಚಿನಿಂದ ಮೇ ತನಕ ಸೀಮೆ ಹುಣಸೆ, ಕೆಲವರು ಇಲಾಚಿ ಹುಣಸೆ ಅಂತಾರಲ್ಲ, ಅದು. ಸುರುಳಿ ಕಾಯಿಯನ್ನು ಒಂದು ಕಾಲಲ್ಲಿ ಹಿಡಿದು, ಇನ್ನೊಂದರಲ್ಲಿ ಕೊಂಬೆ ಹಿಡಿದು, ಮಕ್ಕಳು ಕುಲ್ಫಿ ತಿನ್ನುವ ಹಾಗೆ ತಿರುಗಿಸಿ ತಿರುಗಿಸಿ ತಿನ್ನುತ್ತದೆ. ಬಿಳಿ ತಿರುಳು ಕೊಕ್ಕಿಗೆ ಮೆತ್ತಿಕೊಳ್ಳುತ್ತದೆ, ಅದನ್ನು ಕೊಂಬೆಗೆ ಉಜ್ಜಿ ಒರೆಸುತ್ತದೆ. ಈ ಒಂದು ನಿಮಿಷದಲ್ಲಿ ಅದಕ್ಕೆ ಬೇರೆ ಪ್ರಪಂಚ ಇಲ್ಲ. ನಿಮಗೆ ಬೇಕಾದಷ್ಟು ಸಮಯ ಸಿಗುತ್ತದೆ. ಜೂನ್, ಜುಲೈನಲ್ಲಿ ನಿಮ್ಮ ಬೇವಿನ ಮರದ ಹಣ್ಣು. ಆಗ ಎಲ್ಲಿಗೂ ಹೋಗಬೇಡಿ.

ಗೂಡಿನ ಪ್ರಶ್ನೆಗೆ ಬರುತ್ತೇನೆ, ಇದರ ಬಗ್ಗೆ ಜಾಸ್ತಿ ಹೇಳಬೇಕಿದೆ. ರಾಯಚೂರು ಕೋಟೆಯ ಒಳಗೋಡೆಯನ್ನು ದೊಡ್ಡ ದೊಡ್ಡ ಕಲ್ಲು ಕೆತ್ತಿ, ಗಾರೆ ಇಲ್ಲದೆ ಒಂದರ ಮೇಲೊಂದು ಕೂರಿಸಿ ಕಟ್ಟಿದ್ದಾರೆ. ಗೋಡೆಯಲ್ಲಿರುವ ಉದ್ದನೆಯ ಕಲ್ಲಿನ ಶಾಸನದಲ್ಲಿ 1294ರ ಕಾಲ ಇದೆ. ಏಳುನೂರು ವರ್ಷದಲ್ಲಿ ಕೆಲವು ಕಲ್ಲು ಸರಿದಿವೆ, ಮೂಲೆ ಒಡೆದಿವೆ, ಸಂದಿ ಬಾಯಿ ಬಿಟ್ಟಿವೆ. ಅಂಥ ಸಂದಿ ಗಿಳಿಗೆ ಕಟ್ಟಿಸಿಕೊಟ್ಟ ಮನೆ ಇದ್ದ ಹಾಗೆ. ಗಿಳಿ ಕಡ್ಡಿ ತಂದು ಗೂಡು ಕಟ್ಟುವುದಿಲ್ಲ, ಪೊಟರೆಯೋ ಗೋಡೆಯ ತೂತೋ ಬೇಕು. ಅದೇ ತೂತಿಗೆ ಗೊರವಂಕ, ಹಾಲಕ್ಕಿ, ಪಾರಿವಾಳ ಎಲ್ಲವೂ ಕಣ್ಣು ಹಾಕಿರುತ್ತವೆ. ಡಿಸೆಂಬರ್ ಕೊನೆಗೆ ಜಗಳ ಶುರು. ಜನವರಿಯಲ್ಲಿ ಜೋಡಿ ಜೋಡಿ ಬಂದು ಸಂದಿಯ ಬಾಯಲ್ಲಿ ಕೂಡುತ್ತವೆ. ಹೆಣ್ಣು ತಲೆ ಅತ್ತಿತ್ತ ಹೊರಳಿಸುತ್ತದೆ, ಗಂಡು ಒಂದು ಕಾಲೆತ್ತಿ ಹತ್ತಿರ ಸರಿದು ಬಾಯಿಗೆ ಬಾಯಿಟ್ಟು ತುತ್ತು ಕೊಡುತ್ತದೆ. ಮೊಟ್ಟೆಗೆ ಸುಮಾರು ಮೂರು ವಾರ ಕಾವು, ಮರಿ ಹೊರಗೆ ಹಾರಲು ಮತ್ತೆ ಆರೇಳು ವಾರ.

ಹತ್ತಿರ ಹೋಗಬೇಡಿ. ಹೋಗುವ ಅಗತ್ಯವೂ ಇಲ್ಲ. ಲೆಕ್ಕ ಹೇಳುತ್ತೇನೆ. ನಿಮ್ಮ ಕ್ಯಾಮೆರಾದಲ್ಲಿ 250 ಎಂಎಂ ಇಟ್ಟು ಹತ್ತು ಮೀಟರ್ ದೂರದಲ್ಲಿ ನಿಂತರೆ ಚಿತ್ರದ ಅಗಲಕ್ಕೆ ಬರುವುದು ಸುಮಾರು 90 ಸೆಂಟಿಮೀಟರ್ ಜಾಗ. ಇಪ್ಪತ್ತು ಮೀಟರ್‌ಗೆ ಸುಮಾರು 1.8 ಮೀಟರ್. ಗೂಡಿನ ವಿಷಯದಲ್ಲಿ ಇಪ್ಪತ್ತು ಮೀಟರೇ ಸರಿ. ಗಿಳಿ ಚಿತ್ರದ ಐದನೇ ಒಂದು ಭಾಗ ಬರುತ್ತದೆ, ಸುತ್ತ ಎರಡು ಮೂರು ದೊಡ್ಡ ಕಲ್ಲು, ಉಳಿಯ ಗುರುತು, ಸಂದಿಯ ಕತ್ತಲು. ಬರೀ ಗಿಳಿಯ ಮುಖ ಎಲ್ಲಿ ಬೇಕಾದರೂ ಸಿಗುತ್ತದೆ. ಈ ಗೋಡೆ ಸಿಗುವುದು ನಿಮ್ಮೂರಿನಲ್ಲಿ ಮಾತ್ರ. ನೀವು ನಿಂತ ಮೇಲೆ ಗಿಳಿ ಗೂಡಿಗೆ ಹೋಗದೆ ಸುತ್ತು ಹಾಕುತ್ತಿದ್ದರೆ, ಪಕ್ಕದ ಮರದಿಂದ ಬಿಡದೆ ಕಿರುಚುತ್ತಿದ್ದರೆ, ಇಪ್ಪತ್ತೂ ಹತ್ತಿರವೇ ಅಂತ ಅರ್ಥ. ಹಿಂದೆ ಸರಿಯಿರಿ, ಹತ್ತು ನಿಮಿಷದಲ್ಲಿ ಸರಿಹೋಗದಿದ್ದರೆ ಹೊರಟುಬಿಡಿ. ಫ್ಲಾಶ್ ಬೇಡ, ಗೋಡೆ ಹತ್ತುವುದು ಬೇಡ.

ಇನ್ನೊಂದು, ಗೂಡಿನ ಜಾಗ ಯಾರಿಗೂ ಹೇಳಬೇಡಿ. ಇದನ್ನು ಪೆಟ್ಟು ತಿಂದು ಕಲಿತವನು ನಾನು. ಒಂದು ವರ್ಷ ಗೂಡಿನಿಂದ ಇಣುಕುವ ಮರಿಯ ಫೋಟೋವನ್ನು ಜಾಗದ ಹೆಸರಿನ ಜೊತೆ ಹಾಕಿದೆ. ನಾಲ್ಕು ದಿನ ಬಿಟ್ಟು ಹೋದರೆ ಗೋಡೆಗೆ ಒರಗಿಸಿದ ಬಿದಿರು ಏಣಿ ಇತ್ತು, ಮರಿ ಇರಲಿಲ್ಲ. ನನ್ನ ಫೋಟೋ ನೋಡಿಯೇ ಬಂದರಾ ಗೊತ್ತಿಲ್ಲ. ಆದರೆ ಆ ಫೋಟೋ ಅಳಿಸಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಈ ಗಿಳಿಯನ್ನು ಹಿಡಿಯುವುದು, ಮಾರುವುದು, ಪಂಜರದಲ್ಲಿ ಇಡುವುದು ಎಲ್ಲವೂ ಅಪರಾಧ. ಮರಿ ಕದಿಯುವವರನ್ನು ಕಂಡರೆ ಅರಣ್ಯ ಇಲಾಖೆಗೆ ತಿಳಿಸಿ. ಮೊಬೈಲಿನಲ್ಲಿ ತೆಗೆದ ಫೋಟೋ ಹಂಚುವ ಮೊದಲು ಲೊಕೇಶನ್ ಆಫ್ ಮಾಡಿ.

ಗೆಳೆಯರ ಸಲಹೆಗಳು. ಮೊಬೈಲಿನಲ್ಲಿ ಕೂಗು ಹಾಕುವುದು ಬೇಡ. ಗೂಡಿನ ಕಾಲದಲ್ಲಿ ಬೇರೆ ಗಿಳಿ ನುಗ್ಗಿತು ಅಂತ ಗಾಬರಿಯಾಗಿ ಮೊಟ್ಟೆ ಬಿಟ್ಟು ಹೊರಗೆ ಬರಬಹುದು. ಕಾಳು ಹಾಕುವ ಪ್ರಯೋಗ ನಾನು ಮಾಡಿದ್ದೇನೆ. ಮಾಳಿಗೆ ಮೇಲೆ ಒಂದು ತಟ್ಟೆ ಶೇಂಗಾ ಇಟ್ಟೆ. ಗಿಳಿ ಎರಡು ಬಂದವು, ಪಾರಿವಾಳ ಅರವತ್ತು! ಮೂರನೇ ದಿನಕ್ಕೆ ಹಿಕ್ಕೆ ತೊಳೆಯುವ ಕೆಲಸ ನನ್ನ ಪಾಲಿಗೆ ಬಂತು, ಮನೆಯವರ ಮಾತು ಬೇರೆ.

ಕಾಳಿನ ಬದಲು ನೀರಿಡಿ. ನಮ್ಮ ಬೇಸಿಗೆಯಲ್ಲಿ 40 ಡಿಗ್ರಿ ದಾಟುವುದು ದೊಡ್ಡ ಸುದ್ದಿಯೇ ಅಲ್ಲ. ಅಗಲ ಬಾಯಿಯ, ಆಳ ಇಲ್ಲದ ಮಣ್ಣಿನ ಪಾತ್ರೆ ತಗೊಳ್ಳಿ. ಪ್ಲಾಸ್ಟಿಕ್ ಬೇಡ, ಕಾಯುತ್ತದೆ, ಕಾಲು ಜಾರುತ್ತದೆ. ನೆರಳಿನಲ್ಲಿಡಿ, ದಿನಾ ಬೆಳಿಗ್ಗೆ ತೊಳೆದು ಹೊಸ ನೀರು ತುಂಬಿ. ಪಾತ್ರೆಯ ಪಕ್ಕ ಎರಡು ಅಡಿ ಎತ್ತರಕ್ಕೆ ಒಂದು ಒಣ ಕೊಂಬೆ ಕಟ್ಟಿ. ಗಿಳಿ ನೇರವಾಗಿ ನೀರಿಗೆ ಇಳಿಯುವುದಿಲ್ಲ, ಮೊದಲು ಕೊಂಬೆ ಮೇಲೆ ಕೂತು ನಾಲ್ಕೂ ಕಡೆ ನೋಡುತ್ತದೆ. ಆ ಕೊಂಬೆ ಎಲ್ಲಿರಬೇಕು, ಹಿಂದೆ ಏನು ಬರಬೇಕು, ಬಿಸಿಲು ಯಾವ ಕಡೆಯಿಂದ, ಎಲ್ಲ ನಿಮ್ಮ ಕೈಯಲ್ಲೇ ಇದೆ. ಮೊದಲ ಹತ್ತು ಹದಿನೈದು ದಿನ ಗುಬ್ಬಿ ಬಿಟ್ಟು ಯಾರೂ ಬರದಿರಬಹುದು. ಬೇಸರ ಬೇಡ, ನೀರು ತುಂಬುತ್ತಾ ಇರಿ.

ಸಂಜೆ ಗುಂಪು ವಾಪಸ್ ಬರುವಾಗ ಡಿಎಸ್‌ಎಲ್‌ಆರ್ ಬಿಟ್ಟು ಮೊಬೈಲ್ ತೆಗೆಯಿರಿ. ಝೂಮ್ ಮಾಡಬೇಡಿ. ಕೆಂಪು ಆಕಾಶ, ಕೋಟೆಯ ಅಂಚು, ಮೇಲೆ ಐವತ್ತು ಅರವತ್ತು ಗಿಳಿ. ಇಲ್ಲಿ ಕರ್ರಗೆ ಬಂದರೇ ಚೆಂದ, ಉದ್ದ ಬಾಲದಿಂದಲೇ ಗಿಳಿ ಅಂತ ಗೊತ್ತಾಗುತ್ತದೆ.

ಕೊನೆಯದು 600 ಎಂಎಂ ಲೆನ್ಸ್. ಸದ್ಯಕ್ಕೆ ಬೇಡ. ಅದನ್ನು ಕೈಯಲ್ಲಿ ಹಿಡಿದು ಅರ್ಧ ಗಂಟೆ ಕಾಯುವುದು ಆಗದ ಮಾತು, ನಮ್ಮ ಝಳಕ್ಕೆ ದೂರದ ಲೆನ್ಸಿನಿಂದ ಲಾಭವೂ ಕಡಿಮೆ. ಒಂದು ವರ್ಷ ಈ 55-250 ಲೆನ್ಸಿನಲ್ಲೇ ತೆಗೆಯಿರಿ. ಅಷ್ಟರಲ್ಲಿ ಖರ್ಚಿಲ್ಲದ ಒಂದು ಸಾಮಾನು ಮಾಡಿಕೊಳ್ಳಿ. ಹಳೇ ಜೀನ್ಸ್ ಪ್ಯಾಂಟಿನ ಕಾಲು ಒಂದಡಿ ಕತ್ತರಿಸಿ, ಒಂದು ಕಡೆ ಹೊಲಿದು, ಎರಡು ಕಿಲೋ ಜೋಳ ತುಂಬಿ ಇನ್ನೊಂದು ಕಡೆಯನ್ನೂ ಹೊಲಿಯಿರಿ. ಮಾಳಿಗೆಯ ಕಟ್ಟೆ ಮೇಲೆ ಅದನ್ನಿಟ್ಟು ಅದರ ಮೇಲೆ ಲೆನ್ಸ್ ಒರಗಿಸಿದರೆ ಕೈ ನಡುಗುವುದಿಲ್ಲ, ಟ್ರೈಪಾಡ್‌ಗಿಂತ ಬೇಗ ತಿರುಗುತ್ತದೆ. ಕೆಲಸ ಮುಗಿದ ಮೇಲೆ ಒಳಗೆ ತಗೊಂಡು ಹೋಗುವುದು ಮಾತ್ರ ಮರೀಬೇಡಿ. ನನ್ನ ಮೊದಲ ಚೀಲ ಒಂದು ರಾತ್ರಿ ಮಾಳಿಗೆ ಮೇಲೇ ಉಳಿಯಿತು. ಬೆಳಿಗ್ಗೆ ತಡವಾಗಿ ಎದ್ದು ಹೋದರೆ ಮೂಲೆಯಲ್ಲಿ ದುಂಡಗೆ ಒಂದು ತೂತು, ಕಟ್ಟೆಯ ತುಂಬ ಜೋಳದ ಹೊಟ್ಟು, ಪಕ್ಕದಲ್ಲಿ ಒಂದು ಹಸಿರು ಗರಿ. ಆ ಫೋಟೋ ನನಗೆ ಇವತ್ತಿಗೂ ಸಿಕ್ಕಿಲ್ಲ.